ಶಾರ್ಕ್ ಹೋದ ಮೇಲೆ ಆ ಕೊಲ್ಲಿಯಲ್ಲಿ ಯಾರನ್ನು ಯಾರು ತಿನ್ನುತ್ತಿದ್ದಾರೆ?

ದಕ್ಷಿಣ ಆಫ್ರಿಕಾದ ಬಿಳಿ ಶಾರ್ಕ್‌ಗಳ ಬಗ್ಗೆ ಕೆಲವು ವರ್ಷಗಳಿಂದ ಬರುತ್ತಿರುವ ಸುದ್ದಿಗಳನ್ನೆಲ್ಲ ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಎರಡು ಓರ್ಕಾಗಳು, ಅಂದರೆ ಕಿಲ್ಲರ್ ವೇಲ್‌ಗಳು, ಶಾರ್ಕ್‌ಗಳನ್ನು ಕೊಂದು ಬರೀ ಲಿವರ್ ತಿಂದು ಹೋದವು ಅಂತ ಒಂದು ಸುದ್ದಿ. ಕೇಪ್ ಟೌನ್ ಪಕ್ಕದ ಕೊಲ್ಲಿಯಲ್ಲಿ ಬಿಳಿ ಶಾರ್ಕ್ ಕಾಣಿಸುವುದೇ ನಿಂತಿದೆ ಅಂತ ಇನ್ನೊಂದು. ಶಾರ್ಕ್ ಕಡಿಮೆಯೇ ಆಗಿಲ್ಲ, ಜಾಗ ಬದಲಿಸಿವೆ ಅಷ್ಟೇ ಅಂತ ಮತ್ತೊಂದು. ಇದರ ಮೇಲೆ 2025ರಲ್ಲಿ ಒಂದು ಅಧ್ಯಯನ ಬಂತು. ಶಾರ್ಕ್ ಹೋದ ಮೇಲೆ ಆ ಕೊಲ್ಲಿಯಲ್ಲಿ ಸೀಲ್‌ಗಳು ಜಾಸ್ತಿಯಾಗಿವೆ, ಸೀಲ್‌ಗಳಿಗೆ ಊಟವಾದ ಮೀನು ಕಡಿಮೆಯಾಗಿದೆ, ಅಂದರೆ ಕೆಳಗಿನವರೆಗೂ ಏಟು ತಟ್ಟಿದೆ ಎಂದಿತು ಅದು.

ಇವು ಒಂದಕ್ಕೊಂದು ತಾಳೆಯಾಗದಂತೆ ಕಂಡರೂ ಯಾವುದೂ ಪೂರ್ತಿ ಸುಳ್ಳಲ್ಲ. ಶಾರ್ಕ್ ಏಕೆ ಹೋಯಿತು ಎನ್ನುವುದು ಒಂದು ಪ್ರಶ್ನೆ. ಹೋದ ಮೇಲೆ ಏನಾಯಿತು ಎನ್ನುವುದು ಬೇರೆಯದೇ ಪ್ರಶ್ನೆ. ಎರಡನ್ನೂ ಒಂದೇ ತಲೆಬರಹದಲ್ಲಿ ಕಟ್ಟಿದ್ದರಿಂದಲೇ ಈ ಗೊಂದಲ. ಹಾಗಾಗಿ ಮೊದಲು, ಆ ಶಾರ್ಕ್‌ಗಳು ಅಲ್ಲಿ ಏನು ತಿನ್ನುತ್ತಿದ್ದವು ಅನ್ನುವುದರಿಂದ ಶುರು ಮಾಡೋಣ.

ಬಂಡೆಯ ಸುತ್ತ ಬೆಳಗಿನ ಬೇಟೆ

ಕೇಪ್ ಟೌನ್ ಪಕ್ಕದ ಆ ಕೊಲ್ಲಿಯ ಹೆಸರು ಫಾಲ್ಸ್ ಬೇ. ಪೂರ್ವದಿಂದ ವಾಪಸಾಗುತ್ತಿದ್ದ ಹಳೇ ಕಾಲದ ನಾವಿಕರು ಇದನ್ನೇ ಕೇಪ್ ಟೌನ್ ಬಂದರಿರುವ ಟೇಬಲ್ ಬೇ ಅಂದುಕೊಂಡು ಮೋಸ ಹೋಗುತ್ತಿದ್ದರಂತೆ, ಅದಕ್ಕೇ ಈ ಹೆಸರು. ಕೊಲ್ಲಿಯ ಒಳಗೆ ಸೀಲ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪವಿದೆ. ದ್ವೀಪ ಅನ್ನುವುದಕ್ಕಿಂತ ಬಂಡೆ ಅನ್ನಬಹುದು, ಹೆಚ್ಚೆಂದರೆ ಎರಡು ಹೆಕ್ಟೇರ್. ಅದರ ಮೇಲೆ ಹತ್ತಾರು ಸಾವಿರ ಸೀಲ್‌ಗಳು ಜಾತ್ರೆಯ ಹಾಗೆ ಒತ್ತೊತ್ತಾಗಿ ಬಿದ್ದುಕೊಂಡಿರುತ್ತವೆ.

ಸೀಲ್‌ಗೆ ಊಟ ಬೇಕಾದರೆ ಬಂಡೆ ಬಿಟ್ಟು ದೂರದ ಕಡಲಿಗೆ ಈಜಲೇಬೇಕು. ವಾಪಸ್ ಬರುವಾಗಲೂ ಅದೇ ದಾರಿ. ಶಾರ್ಕ್‌ಗೆ ಇದು ಗೊತ್ತು. ಅಲ್ಲಿನ ಚಳಿಗಾಲದಲ್ಲಿ, ಅಂದರೆ ಸುಮಾರು ಮೇ ತಿಂಗಳಿಂದ ಸೆಪ್ಟೆಂಬರ್ ತನಕ, ಆ ವರ್ಷ ಹುಟ್ಟಿದ ಮರಿಗಳು ಮೊದಲ ಸಲ ದೂರ ಹೋಗಲು ಶುರು ಮಾಡುತ್ತವೆ. ಅನುಭವ ಇಲ್ಲದ, ಕೊಬ್ಬು ತುಂಬಿದ ಮರಿಗಳು. ಬೆಳಕು ಹರಿಯುವ ಹೊತ್ತಿಗೆ ಶಾರ್ಕ್ ತಳದ ಕತ್ತಲಲ್ಲಿ ನಿಂತು ಮೇಲೆ ನೋಡುತ್ತದೆ. ಅದಕ್ಕೆ ಸೀಲ್‌ನ ನೆರಳು ಕಾಣುತ್ತದೆ, ಸೀಲ್‌ಗೆ ಶಾರ್ಕ್ ಕಾಣುವುದಿಲ್ಲ. ಅಲ್ಲಿಂದ ಬಾಣದಂತೆ ಮೇಲೇರಿದರೆ ಇಡೀ ಶಾರ್ಕ್ ನೀರಿನಿಂದ ಹೊರಗೆ ಚಿಮ್ಮುತ್ತದೆ. ಟಿವಿಯಲ್ಲಿ ನೋಡಿರುತ್ತೀರಿ, ಗಾಳಿಯಲ್ಲಿ ಶಾರ್ಕ್, ಬಾಯಲ್ಲಿ ಸೀಲ್. ಅಂಥ ಬಹಳಷ್ಟು ದೃಶ್ಯಗಳನ್ನು ತೆಗೆದದ್ದು ಇಲ್ಲೇ. ಅಷ್ಟೆಲ್ಲ ಮಾಡಿದರೂ ಹೆಚ್ಚುಕಡಿಮೆ ಅರ್ಧದಷ್ಟು ದಾಳಿಗಳು ಮಾತ್ರ ಗೆಲ್ಲುತ್ತಿದ್ದವು. ಬಿಸಿಲು ಏರಿ ಸೀಲ್‌ಗೆ ತಳ ಕಾಣಲು ಶುರುವಾದರೆ ಶಾರ್ಕ್ ಬೇಟೆಯನ್ನೇ ನಿಲ್ಲಿಸುತ್ತಿತ್ತು.

ಇಷ್ಟು ಕಷ್ಟಪಟ್ಟು ಸೀಲ್ ಹಿಡಿಯುವುದು ಕೊಬ್ಬಿಗಾಗಿ. ಒಮ್ಮೆ 30 ಕಿಲೋ ಕೊಬ್ಬು ತಿಂದರೆ ದೊಡ್ಡ ಬಿಳಿ ಶಾರ್ಕ್‌ಗೆ ಒಂದೂವರೆ ತಿಂಗಳು ಊಟ ಬೇಡ ಅಂತ 1980ರ ದಶಕದಲ್ಲಿ ಲೆಕ್ಕ ಹಾಕಿದ್ದರು. ಆಸ್ಟ್ರೇಲಿಯಾದಲ್ಲಿ ಶಾರ್ಕ್‌ಗಳ ಈಜನ್ನು ಅಳೆದು 2013ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅದು 12ರಿಂದ 15 ದಿನಕ್ಕೆ ಇಳಿಯಿತು. ಇದು ಸಣ್ಣ ತಿದ್ದುಪಡಿಯಲ್ಲ. ಒಂದು ಶಾರ್ಕ್ ನಾವು ಅಂದುಕೊಂಡಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ ತಿನ್ನುತ್ತದೆ ಅಂದಾದರೆ, ಅದು ಕಾಣೆಯಾದಾಗ ಬದುಕಿ ಉಳಿಯುವ ಪ್ರಾಣಿಗಳ ಲೆಕ್ಕವೂ ಅಷ್ಟೇ ಏರುತ್ತದೆ.

ಒಂದು ಮಾತು ಮರೆಯಬಾರದು. ಎಲ್ಲ ಬಿಳಿ ಶಾರ್ಕ್‌ಗಳೂ ಸೀಲ್ ತಿನ್ನುವುದಿಲ್ಲ. ಸುಮಾರು ಮೂರು ಮೀಟರ್ ಉದ್ದ ಬೆಳೆಯುವ ತನಕ ಅವುಗಳ ಹಲ್ಲು ಸೂಜಿಯಂತೆ ಕಿರಿದಾಗಿರುತ್ತದೆ. ಆಗ ಮೀನು, ತೊರಕೆ (ಚಪ್ಪಟೆ ಮೈಯ ರೇ ಮೀನು), ಸಣ್ಣ ಶಾರ್ಕ್‌ಗಳೇ ಊಟ. ಆಮೇಲೆ ಹಲ್ಲು ಅಗಲವಾಗಿ ಗರಗಸದಂತಾದ ಮೇಲೆ ಸೀಲ್. ಅಂದರೆ ಒಂದೇ ಜಾತಿಯ ಮರಿಗೂ ತಾಯಿಗೂ ಬೇರೆ ಬೇರೆ ತಟ್ಟೆ. ಈ ವಿಷಯ ಮುಂದೆ ಬೇಕಾಗುತ್ತದೆ.

ವರ್ಷಕ್ಕೆ 205, ಆಮೇಲೆ ಸೊನ್ನೆ

ಕೇಪ್ ಟೌನ್‌ನ ಕಡಲತೀರಗಳಲ್ಲಿ 2004ರಿಂದ ಶಾರ್ಕ್ ಸ್ಪಾಟರ್ಸ್ ಎಂಬ ತಂಡ ಕಾವಲು ಕಾಯುತ್ತಿದೆ. ಗುಡ್ಡದ ಮೇಲೆ ಕೂತು ದುರ್ಬೀನಿನಲ್ಲಿ ನೀರು ನೋಡುವುದು, ಶಾರ್ಕ್ ಕಂಡರೆ ಸೈರನ್ ಒತ್ತಿ ಈಜುವವರನ್ನು ಹೊರಗೆ ಕರೆಸುವುದು ಅವರ ಕೆಲಸ. ಜನರ ಜೀವ ಉಳಿಸಲು ಶುರುವಾದ ಈ ಕೆಲಸದಿಂದ ಲೆಕ್ಕವೂ ಸಿಕ್ಕಿತು. 2010ರಿಂದ 2016ರ ನಡುವೆ ಅವರಿಗೆ ವರ್ಷಕ್ಕೆ ಸರಾಸರಿ 205 ಸಲ ಬಿಳಿ ಶಾರ್ಕ್ ಕಂಡಿತ್ತು. 2018ರಲ್ಲಿ 50 ಸಲ. 2019ರಲ್ಲಿ ಒಂದು ಸಲವೂ ಇಲ್ಲ.

ಸೀಲ್ ಐಲ್ಯಾಂಡ್ ಸುತ್ತ ದೋಣಿಯಿಂದ ಲೆಕ್ಕ ಹಾಕುತ್ತಿದ್ದವರಿಗೂ ಇದೇ ಕಂಡಿತು. ಅವರು 2000ದಿಂದಲೇ ಒಂದೇ ಪದ್ಧತಿಯಲ್ಲಿ ಎಣಿಸುತ್ತಾ ಬಂದಿದ್ದರು. ಇಂಥ ಎರಡು ದಶಕಗಳ ಒಂದೇ ಜಾಗದ, ಒಂದೇ ಪದ್ಧತಿಯ ಲೆಕ್ಕ ಸಮುದ್ರದ ವಿಷಯದಲ್ಲಿ ತೀರಾ ಅಪರೂಪ. ಹಾಗಾಗಿಯೇ ಈ ಕೊಲ್ಲಿ ಇಷ್ಟು ಚರ್ಚೆಯಲ್ಲಿರುವುದು. ಬೇರೆ ಎಷ್ಟೋ ಕಡೆ ಶಾರ್ಕ್ ಇದಕ್ಕಿಂತ ಜಾಸ್ತಿ ಕಡಿಮೆಯಾಗಿರಬಹುದು, ಆದರೆ ಮೊದಲು ಎಷ್ಟಿತ್ತು ಅಂತ ಯಾರೂ ಬರೆದಿಟ್ಟಿಲ್ಲ.

ಯಾರ ತಪ್ಪು?

ಮೂರು ವಾದಗಳಿವೆ.

ಮೊದಲನೆಯದು ಓರ್ಕಾಗಳದ್ದು. ಇದರಲ್ಲಿ ಎರಡು ಗಂಡು ಓರ್ಕಾಗಳು ಜಗತ್ತಿಗೇ ಹೆಸರಾಗಿವೆ, ಪೋರ್ಟ್ ಮತ್ತು ಸ್ಟಾರ್‌ಬೋರ್ಡ್. ಒಂದರ ಬೆನ್ನಿನ ರೆಕ್ಕೆ ಎಡಕ್ಕೆ ವಾಲಿದೆ, ಇನ್ನೊಂದರದ್ದು ಬಲಕ್ಕೆ. ಹಡಗಿನವರ ಭಾಷೆಯಲ್ಲಿ ಎಡ ಬಲಕ್ಕೆ ಇರುವ ಹೆಸರುಗಳೇ ಇವು. 2017ರಲ್ಲಿ ಫಾಲ್ಸ್ ಬೇಯಿಂದ ಪೂರ್ವಕ್ಕಿರುವ ಗಾನ್ಸ್‌ಬಾಯ್ ತೀರಕ್ಕೆ ಬಿಳಿ ಶಾರ್ಕ್‌ಗಳ ಹೆಣಗಳು ಬಂದು ಬಿದ್ದವು. ಲಿವರ್ ಇರಲಿಲ್ಲ, ಉಳಿದ ಮೈ ಬಹುಪಾಲು ಹಾಗೇ ಇತ್ತು. ಶಾರ್ಕ್‌ನ ಲಿವರ್ ಅದರ ತೂಕದ ಕಾಲು ಭಾಗದಷ್ಟು ಇರಬಹುದು, ಪೂರ್ತಿ ಎಣ್ಣೆ. ಓರ್ಕಾಗೆ ಅದು ತುಪ್ಪದ ಗಡಿಗೆ. 2022ರ ಮೇ ತಿಂಗಳಲ್ಲಿ, ಅಲ್ಲಿಂದ ಇನ್ನೂ ಪೂರ್ವಕ್ಕಿರುವ ಮಾಸೆಲ್ ಬೇಯಲ್ಲಿ ಓರ್ಕಾಗಳು ಬಿಳಿ ಶಾರ್ಕ್‌ ಕೊಲ್ಲುವುದು ಕ್ಯಾಮೆರಾದಲ್ಲೇ ಸೆರೆಯಾಯಿತು. 2023ರ ಜೂನ್‌ನಲ್ಲಿ ಸ್ಟಾರ್‌ಬೋರ್ಡ್ ತಾನೊಂದೇ ಸೇರಿ ಮರಿ ಶಾರ್ಕ್ ಒಂದರ ಕಥೆಯನ್ನು ಎರಡು ನಿಮಿಷದಲ್ಲಿ ಮುಗಿಸಿತು.

ಓರ್ಕಾ ಬಂದರೆ ಶಾರ್ಕ್ ಓಡುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಕ್ಯಾಲಿಫೋರ್ನಿಯಾದ ಫ್ಯಾರಲಾನ್ ದ್ವೀಪಗಳ ಬಳಿ 1997ರಲ್ಲೇ ಇದು ಕಂಡಿತ್ತು. ಅಲ್ಲಿ ಓರ್ಕಾ ಸುಳಿದ ವರ್ಷಗಳಲ್ಲಿ ಶಾರ್ಕ್‌ಗಳು ಜಾಗ ಖಾಲಿ ಮಾಡುತ್ತಿದ್ದವು, ಸೀಲ್‌ಗಳ ಮೇಲಿನ ದಾಳಿಯೂ ತುಂಬ ಇಳಿಯುತ್ತಿತ್ತು. ಆದರೆ ಅಲ್ಲಿ ಮುಂದಿನ ಸೀಸನ್‌ಗೆ ಶಾರ್ಕ್‌ಗಳು ವಾಪಸ್ ಬರುತ್ತಿದ್ದವು. ಫಾಲ್ಸ್ ಬೇಗೆ ಹಾಗೆ ಬರಲಿಲ್ಲ. ಅಲ್ಲದೆ ಸೀಲ್ ಐಲ್ಯಾಂಡ್‌ನ ಲೆಕ್ಕದಲ್ಲಿ ಇಳಿಕೆ ಶುರುವಾದದ್ದು 2017ರ ಹೆಣಗಳಿಗಿಂತ ಮೊದಲೇ. ಓರ್ಕಾ ಕಥೆಗೆ ಇದೇ ದೊಡ್ಡ ತೊಡಕು.

ಎರಡನೆಯ ವಾದ ಮನುಷ್ಯರದ್ದು. ದಕ್ಷಿಣ ಆಫ್ರಿಕಾ 1991ರಲ್ಲೇ ಬಿಳಿ ಶಾರ್ಕ್‌ಗೆ ಕಾನೂನಿನ ರಕ್ಷಣೆ ಕೊಟ್ಟಿತು, ಹಾಗೆ ಮಾಡಿದ ಮೊದಲ ದೇಶ ಅದು. ಅದೇ ದೇಶದ ಪೂರ್ವ ಕರಾವಳಿಯ ಕ್ವಾಜುಲು-ನಟಾಲ್‌ನಲ್ಲಿ ಈಜುವವರ ರಕ್ಷಣೆಗೆಂದು ಬಲೆ, ಗಾಳಗಳನ್ನು ಹಾಕುತ್ತಾರೆ. ಡರ್ಬನ್‌ನಲ್ಲಿ 1952ರಿಂದಲೂ ಇದೆ. ಈ ಬಲೆಗಳು ಶಾರ್ಕ್ ತಡೆಯುವ ಗೋಡೆಗಳಲ್ಲ, ಶಾರ್ಕ್ ಹಿಡಿದು ಕೊಲ್ಲುವ ಸಾಧನಗಳು. ರಕ್ಷಿತ ಪಟ್ಟಿಯಲ್ಲಿರುವ ಬಿಳಿ ಶಾರ್ಕ್‌ಗಳೂ ಪ್ರತಿ ವರ್ಷ ಇವುಗಳಲ್ಲಿ ಸಾಯುತ್ತವೆ. ಇನ್ನೊಂದು ಕಡೆ, ತಳದಲ್ಲಿ ಉದ್ದ ಹಗ್ಗಕ್ಕೆ ಸಾಲು ಗಾಳ ಕಟ್ಟಿ ಸಣ್ಣ ಶಾರ್ಕ್‌ಗಳನ್ನು ಹಿಡಿಯುವ ದೋಣಿಗಳಿವೆ. ಆ ಮಾಂಸ ಆಸ್ಟ್ರೇಲಿಯಾಕ್ಕೆ ಹೋಗಿ, ಫಿಶ್ ಆಂಡ್ ಚಿಪ್ಸ್ ಅಂಗಡಿಗಳಲ್ಲಿ ಫ್ಲೇಕ್ ಎಂಬ ಹೆಸರಲ್ಲಿ ಮಾರಾಟವಾಗುತ್ತದೆ. ಆ ಸಣ್ಣ ಶಾರ್ಕ್‌ಗಳೇ ಬಿಳಿ ಶಾರ್ಕ್‌ಗಳ ಊಟವೂ ಹೌದು. ಅದರಲ್ಲೂ ಇನ್ನೂ ಸೀಲ್ ಹಿಡಿಯಲು ಬಾರದ ವಯಸ್ಸಿನವಕ್ಕೆ ಇವು ಬೇಕೇ ಬೇಕು. ಹಲ್ಲಿನ ವಿಷಯ ಹೇಳಿದ್ದು ಇದಕ್ಕೇ.

ಮೂರನೆಯದು, ಶಾರ್ಕ್ ಸತ್ತಿಲ್ಲ, ಪೂರ್ವಕ್ಕೆ ಹೋಗಿವೆ ಎನ್ನುವ ವಾದ. ಇಡೀ ದೇಶದ ಲೆಕ್ಕಗಳನ್ನು ಜೋಡಿಸಿದ 2023ರ ಅಧ್ಯಯನವೊಂದು, 1991ರಿಂದ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಶಾರ್ಕ್‌ಗಳು ಪಶ್ಚಿಮದಿಂದ ಪೂರ್ವದ ಕಡೆಗೆ ಸರಿದಿವೆ ಎಂದಿತು. ಬೇರೆ ಕೆಲವು ಸಂಶೋಧಕರು ಒಪ್ಪಲಿಲ್ಲ. ಪಶ್ಚಿಮದಲ್ಲಿ ಕಡಿಮೆಯಾದಷ್ಟು ಪೂರ್ವದಲ್ಲಿ ಜಾಸ್ತಿಯಾಗಿದ್ದು ಎಲ್ಲಿ ಕಾಣುತ್ತಿದೆ ಅನ್ನುವುದು ಅವರ ಪ್ರಶ್ನೆ.

ನನಗೆ ಕಾಣುವಂತೆ, ಈ ಮೂರನೆಯ ವಾದವನ್ನು ಸುಮ್ನೆ ನಂಬಿದರೂ ನೆಮ್ಮದಿ ಸಿಗುವುದಿಲ್ಲ. ಮೂವತ್ತು ವರ್ಷ ರಕ್ಷಣೆ ಕೊಟ್ಟ ಮೇಲೂ ಸಂಖ್ಯೆ ಸ್ಥಿರವಾಗಿಯೇ ಇದೆ ಅಂದರೆ, ಏರಿಲ್ಲ ಅಂತಲೇ ಅರ್ಥ ಅಲ್ವಾ? ಅದಕ್ಕೆ ಕಾರಣವೂ ಇದೆ. ಹೆಣ್ಣು ಬಿಳಿ ಶಾರ್ಕ್ ಮರಿ ಹಾಕುವಷ್ಟು ಬೆಳೆಯಲು ಮೂವತ್ತು ವರ್ಷಗಳ ಆಸುಪಾಸು ಬೇಕು ಅಂತ ಒಂದು ಅಂದಾಜು. ದೇಶದಲ್ಲಿ ಉಳಿದಿರುವುದು 353ರಿಂದ 522 ಶಾರ್ಕ್ ಮಾತ್ರ ಅಂತ 2016ರಲ್ಲಿ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ ತಂಡ ಹೇಳಿತ್ತು. ಗಾನ್ಸ್‌ಬಾಯ್ ಒಂದರಲ್ಲೇ ಅದಕ್ಕಿಂತ ಜಾಸ್ತಿ ಇದ್ದವು ಅನ್ನುವ ಹಳೇ ಅಂದಾಜೂ ಇದೆ. ದೊಡ್ಡ ಅಂದಾಜನ್ನೇ ಹಿಡಿದರೂ ಒಂದು ಊರಿನ ಹೈಸ್ಕೂಲು ಮಕ್ಕಳಷ್ಟು ಪ್ರಾಣಿಗಳು. ಅಷ್ಟರಲ್ಲಿ ವರ್ಷಾ ವರ್ಷಾ ಬಲೆಗೆ ಕೆಲವು, ಓರ್ಕಾಗೆ ಕೆಲವು.

ಓರ್ಕಾ ಒಂದನ್ನೇ ದೂರುವುದರಲ್ಲಿ ಒಂದು ಅನುಕೂಲ ಇದೆ ನೋಡಿ. ಓರ್ಕಾಗೆ ಕಾನೂನು ಮಾಡಲು ಆಗುವುದಿಲ್ಲ, ಹಾಗಾಗಿ ಯಾರೂ ಏನೂ ಮಾಡಬೇಕಾಗಿಲ್ಲ.

ಕಡಲಿನ ತಟ್ಟೆಯನ್ನು ಇಣುಕುವುದು ಹೇಗೆ

ಶಾರ್ಕ್ ಇದನ್ನು ತಿನ್ನುತ್ತದೆ, ಅದನ್ನು ತಿನ್ನುತ್ತದೆ ಅಂತ ಹೇಳುತ್ತೇವಲ್ಲ, ಅದು ಗೊತ್ತಾಗುವುದಾದರೂ ಹೇಗೆ? ಹಿಂದೆಲ್ಲ ಸತ್ತ ಶಾರ್ಕ್‌ನ ಹೊಟ್ಟೆ ಕುಯ್ದು ನೋಡುತ್ತಿದ್ದರು. ಅದರಲ್ಲಿ ಸಿಗುವುದು ಕೊನೆಯ ಒಂದೆರಡು ಊಟ ಮಾತ್ರ, ಎಷ್ಟೋ ಸಲ ಹೊಟ್ಟೆಯೇ ಖಾಲಿ. ಈಗ ಜಾಸ್ತಿ ಬಳಸುವುದು ಮಾಂಸಖಂಡದಲ್ಲಿರುವ ಇಂಗಾಲದ ಐಸೋಟೋಪ್‌ಗಳನ್ನು. ಕಡಲಿನ ಒಂದೊಂದು ಭಾಗದ ಸೂಕ್ಷ್ಮ ಸಸ್ಯಗಳಲ್ಲಿ ಹಗುರ ಮತ್ತು ಭಾರದ ಇಂಗಾಲದ ಪ್ರಮಾಣ ಬೇರೆ ಬೇರೆ. ಅದನ್ನು ತಿಂದ ಸೀಗಡಿ, ಸೀಗಡಿ ತಿಂದ ಮೀನು, ಮೀನು ತಿಂದ ಶಾರ್ಕ್, ಎಲ್ಲದರಲ್ಲೂ ಆ ಗುರುತು ಉಳಿಯುತ್ತದೆ. ಹೊಟ್ಟೆ ನೋಡಿದರೆ ನಿನ್ನೆಯ ಊಟ ತಿಳಿದೀತು. ಮಾಂಸಖಂಡ ನೋಡಿದರೆ ತಿಂಗಳುಗಳ ಊಟದ ಲೆಕ್ಕವೇ ಸಿಗುತ್ತದೆ.

2018ರಲ್ಲಿ ದೊಡ್ಡ ತಂಡವೊಂದು ಜಗತ್ತಿನ 114 ಜಾತಿಗಳ 5,394 ಶಾರ್ಕ್‌ಗಳ ಇಂಥ ಮಾಹಿತಿ ಒಟ್ಟುಗೂಡಿಸಿತು. ಎರಡು ಚಿತ್ರಗಳು ಸಿಕ್ಕವು. ತೀರದ ಹತ್ತಿರ ಬದುಕುವ ಶಾರ್ಕ್‌ಗಳು ತಾವಿರುವ ಜಾಗದ ಆಸುಪಾಸಿನ ಆಹಾರವನ್ನೇ ನೆಚ್ಚಿಕೊಂಡಿವೆ, ಆದರೆ ಒಂದೊಂದು ಶಾರ್ಕ್ ಅಲ್ಲೇ ಒಂದೊಂದು ಮೂಲೆಯಿಂದ ತಿನ್ನುತ್ತದೆ. ಆಳಸಮುದ್ರದಲ್ಲಿ ಸಾವಿರಾರು ಕಿಲೋಮೀಟರ್ ಸುತ್ತುವ ಜಾತಿಗಳಾದರೋ ಎಲ್ಲಿ ಹಿಡಿದರೂ ಅವುಗಳ ಮೈಯಲ್ಲಿರುವ ಗುರುತು ಬಹುಪಾಲು 30ರಿಂದ 50 ಡಿಗ್ರಿ ಅಕ್ಷಾಂಶದ ತಂಪು ನೀರಿನದ್ದು. ಇಡೀ ಕಡಲು ಸುತ್ತಿದರೂ ಹೊಟ್ಟೆ ತುಂಬಿಸಿಕೊಳ್ಳುವ ಹೋಟೆಲ್ ಎಲ್ಲೋ ಕೆಲವೇ ಕಡೆ ಅಂದ ಹಾಗಾಯಿತು. ಅಲ್ಲೇ ಮೀನುಗಾರಿಕೆ ಜೋರಾದರೆ ಪೆಟ್ಟು ಇಡೀ ಸಂತತಿಗೆ. ಆಳಸಮುದ್ರದ ಶಾರ್ಕ್ ಮತ್ತು ತೊರಕೆಗಳು 1970ರಿಂದ ಸುಮಾರು 71 ಶೇಕಡಾ ಕಡಿಮೆಯಾಗಿವೆ ಎಂದು 2021ರಲ್ಲಿ ಲೆಕ್ಕ ಬಂದಿದೆ.

ಇನ್ನು ಶಾರ್ಕ್ ಅಂದರೆ ಒಂದೇ ಥರದ ಪ್ರಾಣಿಯೂ ಅಲ್ಲ. 500ಕ್ಕೂ ಹೆಚ್ಚು ಜಾತಿಗಳಿವೆ. ಗುಜರಾತ್ ಕರಾವಳಿಗೆ ಬರುವ ತಿಮಿಂಗಿಲ ಶಾರ್ಕ್ ಬಸ್ಸಿನಷ್ಟು ದೊಡ್ಡದಾದರೂ ನೀರು ಸೋಸಿ ಸಣ್ಣ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಅಮೆರಿಕದ ಕರಾವಳಿಯ ಬಾನೆಟ್‌ಹೆಡ್ ಎಂಬ ಪುಟ್ಟ ಶಾರ್ಕ್‌ನ ಹೊಟ್ಟೆಯಲ್ಲಿ 62 ಶೇಕಡಾವರೆಗೆ ಕಡಲ ಹುಲ್ಲು ಸಿಕ್ಕಿತ್ತು. ಏಡಿ ಹಿಡಿಯುವಾಗ ಅಕಸ್ಮಾತ್ ಒಳಗೆ ಹೋಗಿರಬೇಕು ಅಂದುಕೊಂಡಿದ್ದರು, 2018ರಲ್ಲಿ ಪರೀಕ್ಷಿಸಿದರೆ ಅದು ಹುಲ್ಲನ್ನು ಜೀರ್ಣವೂ ಮಾಡಿಕೊಳ್ಳುತ್ತದೆ! ಪೆಸಿಫಿಕ್‌ನ ಪಾಲ್ಮೈರಾ ಹವಳ ದ್ವೀಪದ ಬೂದು ಶಾರ್ಕ್‌ಗಳು ತಿನ್ನುವುದು ಹೆಚ್ಚಾಗಿ ಹೊರಗಿನ ತೆರೆದ ಕಡಲಿನಲ್ಲಿ, ಮಲ ಹಾಕುವುದು ಹವಳದ ದಿಬ್ಬಕ್ಕೆ ಬಂದು. ಹೊಲಕ್ಕೆ ಗೊಬ್ಬರ ಸಾಗಿಸಿದ ಹಾಗೆ. ಇಷ್ಟು ವೈವಿಧ್ಯ ಇರುವಾಗ ಶಾರ್ಕ್ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಾದರೂ ಹೇಗೆ?

ಫಾಲ್ಸ್ ಬೇಯಲ್ಲಿ ಆದದ್ದು

ಈಗ 2025ರ ಅಧ್ಯಯನಕ್ಕೆ ಬರೋಣ. ನೀಲ್ ಹ್ಯಾಮರ್‌ಶ್ಲಾಗ್ ಮತ್ತು ಸಂಗಡಿಗರದ್ದು. ಅದರ ಸರಪಳಿ ಹೀಗಿದೆ.

ಬಿಳಿ ಶಾರ್ಕ್ ಇದ್ದಾಗ ಅದರ ಕೆಳಗೆ ಎರಡು ಕೊಂಡಿಗಳಿದ್ದವು. ಒಂದು ಸೀಲ್. ಇನ್ನೊಂದು ಏಳು ಕಿವಿರಿನ ಶಾರ್ಕ್. ಸಾಮಾನ್ಯ ಶಾರ್ಕ್‌ಗಳಿಗೆ ಐದು ಜೊತೆ ಕಿವಿರುಗಳಾದರೆ ಇದಕ್ಕೆ ಏಳು, ಉದ್ದ ಮೂರು ಮೀಟರ್ ತನಕ. ಬಿಳಿ ಶಾರ್ಕ್ ಹೋದ ಮೇಲೆ ಇವೆರಡೂ ಹೆಚ್ಚಾದವು. ಏಳು ಕಿವಿರಿನ ಶಾರ್ಕ್ ಸೀಲ್ ಐಲ್ಯಾಂಡ್ ಬಳಿ 2017ಕ್ಕೆ ಮೊದಲು ಒಮ್ಮೆಯೂ ಕಂಡಿರಲಿಲ್ಲ, ಆಮೇಲೆ ಅಲ್ಲಿ ಮಾಮೂಲಾಯಿತು. ಸೀಲ್‌ಗಳಿಗೆ ಊಟವಾದ ಆಂಚೋವಿ, ಹಾರ್ಸ್ ಮ್ಯಾಕೆರೆಲ್‌ನಂಥ ಮೀನುಗಳು ಕಡಿಮೆಯಾದವು. ಏಳು ಕಿವಿರಿನದ್ದು ತಿನ್ನುವ ತಳದ ಸಣ್ಣ ಶಾರ್ಕ್‌ಗಳೂ ಕಡಿಮೆಯಾದವು.

ಕೊನೆಯ ಎರಡು ಗೊತ್ತಾಗಿದ್ದು ತಳಕ್ಕೆ ಇಳಿಸಿದ ಕ್ಯಾಮೆರಾಗಳಿಂದ. ಒಂದು ಚೌಕಟ್ಟಿಗೆ ಕ್ಯಾಮೆರಾ ಕಟ್ಟಿ, ಮುಂದೆ ಮೀನಿನ ತುಣುಕು ತೂಗುಹಾಕಿ, ಬಂದು ಮೂಸುವವರನ್ನೆಲ್ಲ ಚಿತ್ರೀಕರಿಸುವುದು. ಶಾರ್ಕ್ ಇದ್ದ ಕಾಲದ ಚಿತ್ರಗಳನ್ನೂ ಸುಮಾರು ಹತ್ತು ವರ್ಷದ ನಂತರದ ಚಿತ್ರಗಳನ್ನೂ ಹೋಲಿಸಿದರು.

ಮೇಲಿನವನು ಹೋದರೆ ನಡುವಿನವನು ಹೆಚ್ಚುತ್ತಾನೆ, ನಡುವಿನವನು ಹೆಚ್ಚಿದರೆ ಕೆಳಗಿನವನು ಕಡಿಮೆಯಾಗುತ್ತಾನೆ. ಪಠ್ಯಪುಸ್ತಕದಲ್ಲಿ ಇದು ಹಳೇ ಪಾಠ. ದೊಡ್ಡ ಶಾರ್ಕ್‌ನ ವಿಷಯದಲ್ಲಿ ಇಷ್ಟು ವರ್ಷಗಳ ಲೆಕ್ಕದೊಂದಿಗೆ ತೋರಿಸಿದ್ದು ಮಾತ್ರ ಬಹಳ ಕಡಿಮೆ.

ತಿನ್ನುವುದಕ್ಕಿಂತ ಹೆದರಿಸುವುದೇ ಜಾಸ್ತಿ

ಇಲ್ಲಿ ಒಂದು ಸಂಶಯ ಬರುತ್ತದೆ. ಹತ್ತಾರು ಸಾವಿರ ಸೀಲ್‌ಗಳಿರುವ ಕಡೆ ಕೆಲವು ಹತ್ತು ಶಾರ್ಕ್‌ಗಳು ಎಷ್ಟು ತಾನೇ ತಿಂದಾವು? ಸಂಖ್ಯೆಯನ್ನು ಅಷ್ಟೊಂದು ತಡೆಹಿಡಿಯಲು ಸಾಧ್ಯವೇ?

ಉತ್ತರ ಇರುವುದು ಹೆದರಿಕೆಯಲ್ಲಿ. ಫಾಲ್ಸ್ ಬೇಯಲ್ಲೇ ಸೀಲ್‌ಗಳ ಮಲ ಪರೀಕ್ಷೆ ಮಾಡಿ ನೋಡಿದ್ದರು. ಶಾರ್ಕ್ ದಾಳಿ ಜಾಸ್ತಿ ಇದ್ದಾಗ ಸೀಲ್‌ಗಳ ಮೈಯಲ್ಲಿ ಒತ್ತಡದ ಹಾರ್ಮೋನ್ ಕೂಡ ಜಾಸ್ತಿ. ಹೆದರಿದ ಸೀಲ್ ಹೊತ್ತು ನೋಡಿ ಹೊರಡುತ್ತದೆ, ಗುಂಪು ಕಟ್ಟಿಕೊಂಡು ಹೋಗುತ್ತದೆ, ಅಪಾಯದ ಕಡೆ ಮೀನು ಇದ್ದರೂ ಬಿಡುತ್ತದೆ. ಸತ್ತ ಸೀಲ್‌ಗಿಂತ ಬದುಕಿ ಹೆದರಿದ ಸೀಲ್‌ಗಳ ಸಂಖ್ಯೆ ಎಷ್ಟೋ ಪಾಲು ಹೆಚ್ಚಲ್ವಾ?

ಇದಕ್ಕೆ ಚೆನ್ನಾದ ಉದಾಹರಣೆ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ. ಅಲ್ಲಿ ಬೇಸಿಗೆಯಲ್ಲಿ ಹುಲಿ ಶಾರ್ಕ್‌ಗಳು ಬರುತ್ತವೆ. ಅವು ಬಂದಾಗ ಡ್ಯೂಗಾಂಗ್‌ಗಳು, ಅಂದರೆ ಕಡಲ ಹುಲ್ಲು ಮೇಯುವ ಕಡಲಹಸುಗಳು, ಒಳ್ಳೆ ಹುಲ್ಲಿರುವ ಆಳವಿಲ್ಲದ ಬಯಲನ್ನು ಬಿಟ್ಟು ಅಂಚಿಗೆ ಸರಿಯುತ್ತವೆ. ಹೊಟ್ಟೆ ಪೂರ್ತಿ ತುಂಬದಿದ್ದರೂ ಪರವಾಗಿಲ್ಲ, ತಪ್ಪಿಸಿಕೊಳ್ಳಲು ಆಳ ನೀರು ಪಕ್ಕದಲ್ಲಿರಬೇಕು. ಇದರಿಂದ ನಡುವಿನ ಹುಲ್ಲು ಉಳಿಯುತ್ತದೆ. ಶಾರ್ಕ್ ಹುಲ್ಲು ಮುಟ್ಟುವುದಿಲ್ಲ, ಡ್ಯೂಗಾಂಗನ್ನೂ ದಿನಾ ತಿನ್ನುವುದಿಲ್ಲ, ಸುಮ್ನೆ ಸುಳಿದಾಡುವುದರಿಂದಲೇ ಹುಲ್ಲುಗಾವಲಿನ ಆಕಾರ ಬದಲಾಗುತ್ತದೆ. ತೋಟದಲ್ಲಿ ನಾಯಿ ಇದ್ದರೆ ಮಂಗ ಹೇಗೆ ಅಂಚಿನ ಮರಗಳಲ್ಲೇ ಉಳಿಯುತ್ತದೋ ಹಾಗೆ.

ಹಾಗಾಗಿ ಶಾರ್ಕ್ ಸತ್ತಿತೋ ಪೂರ್ವಕ್ಕೆ ಹೋಯಿತೋ ಎನ್ನುವ ಜಗಳ ಸೀಲ್ ಪಾಲಿಗೆ ಅಷ್ಟು ಮುಖ್ಯವಲ್ಲ. ಮಾಸೆಲ್ ಬೇಯಲ್ಲಿ ಬದುಕಿರುವ ಶಾರ್ಕ್ ಫಾಲ್ಸ್ ಬೇಯ ಸೀಲನ್ನು ಹೆದರಿಸಲಾರದು. ಜಾತಿ ಉಳಿದಿದೆಯೇ ಎನ್ನುವುದಕ್ಕೆ ದೇಶದ ಲೆಕ್ಕ ಬೇಕು. ಕೊಲ್ಲಿ ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಕೊಲ್ಲಿಯ ಲೆಕ್ಕ ಬೇಕು. ಮೊದಲಿಗೆ ಹೇಳಿದ ಸುದ್ದಿಗಳಲ್ಲಿ ಅರ್ಧದಷ್ಟು ಜಗಳ ಇಲ್ಲೇ ಕರಗುತ್ತದೆ.

ತೊರಕೆಗಳ ಮೇಲೆ ಬಂದ ಅಪವಾದ

ಉಳಿದರ್ಧ ಕರಗುವುದಿಲ್ಲ. ಇಂಥ ಸರಪಳಿ ಕಥೆ ಹಿಂದೆಯೂ ಒಮ್ಮೆ ಬಂದಿತ್ತು, ಬಂದು ಎಡವಟ್ಟಾಗಿತ್ತು.

2007ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ದೊಡ್ಡ ಶಾರ್ಕ್‌ಗಳು ಕಡಿಮೆಯಾದ್ದರಿಂದ ಕೌನೋಸ್ ಎಂಬ ತೊರಕೆಗಳು ವಿಪರೀತ ಹೆಚ್ಚಿವೆ, ಅವು ಸ್ಕ್ಯಾಲಪ್ ಎಂಬ ಚಿಪ್ಪುಜೀವಿಗಳನ್ನು ತಿಂದು ಮುಗಿಸಿವೆ, ಅದರಿಂದ ನಾರ್ತ್ ಕೆರೊಲಿನಾದ ನೂರು ವರ್ಷ ಹಳೆಯ ಸ್ಕ್ಯಾಲಪ್ ಕಸುಬೇ ನಿಂತಿತು ಎಂದಿತು. ಕೇಳಲು ಬಹಳ ಚೆನ್ನಾಗಿತ್ತು. ಪತ್ರಿಕೆಗಳು ಎತ್ತಿಕೊಂಡವು. ಆಮೇಲೆ ಅಲ್ಲಿನ ಚೆಸಾಪೀಕ್ ಕೊಲ್ಲಿ ಉಳಿಸಬೇಕಾದರೆ ತೊರಕೆ ತಿನ್ನಿ ಅನ್ನುವ ಪ್ರಚಾರ ಶುರುವಾಯಿತು. ಆ ಕೊಲ್ಲಿಯಲ್ಲಿ ತೊರಕೆಗಳಿಗೆ ಬಾಣ ಹೊಡೆಯುವ ಪಂದ್ಯಗಳೇ ನಡೆದವು.

2016ರಲ್ಲಿ ಬೇರೆ ತಂಡ ಅದೇ ಲೆಕ್ಕಗಳನ್ನು ಬಿಡಿಸಿ ನೋಡಿತು. ಈ ತೊರಕೆ ದೊಡ್ಡದಾಗಲು ಏಳೆಂಟು ವರ್ಷ ಬೇಕು, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ಇಷ್ಟು ನಿಧಾನದ ಪ್ರಾಣಿ ಅಷ್ಟು ಬೇಗ ಹೆಚ್ಚುವುದಾದರೂ ಹೇಗೆ? ಸ್ಕ್ಯಾಲಪ್, ಸಿಂಪಿಗಳ ಇಳಿಕೆಯ ಕಾಲವೂ ತೊರಕೆಗಳ ಏರಿಕೆಯ ಕಾಲವೂ ಕೂಡಿಬರುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ದೊಡ್ಡ ಶಾರ್ಕ್‌ಗಳ ಊಟದಲ್ಲಿ ಈ ತೊರಕೆಯ ಪಾಲೇ ತೀರಾ ಕಡಿಮೆ. ಸರಪಳಿಯ ಮೊದಲ ಕೊಂಡಿಯೇ ಸಡಿಲ. ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ಆ ಪಂದ್ಯಗಳಿಗೆ ತಡೆ ಹಾಕಿತು, ಅಷ್ಟರಲ್ಲಿ ಎಷ್ಟೋ ತೊರಕೆಗಳು ಸತ್ತಾಗಿತ್ತು.

ಯಾರು ಯಾರನ್ನು ತಿನ್ನುತ್ತಾರೆ ಎಂದು ಸರಿಯಾಗಿ ನೋಡದೆ ಕಥೆ ಕಟ್ಟಿದರೆ ಏಟು ಬೀಳುವುದು ಹೀಗೆ ಬೇರೆಯವರಿಗೆ.

ಹಾಗಾದರೆ ಫಾಲ್ಸ್ ಬೇ ಕಥೆಯನ್ನು ಎಷ್ಟು ನಂಬಬಹುದು

ತೊರಕೆ ಕಥೆಗಿಂತ ಇದು ಗಟ್ಟಿ. ಬಿಳಿ ಶಾರ್ಕ್ ಸೀಲ್ ತಿನ್ನುವುದನ್ನು ಎರಡು ದಶಕ ಕಣ್ಣಾರೆ ಕಂಡಿದ್ದಾರೆ, ಮೊದಲ ಕೊಂಡಿಯಲ್ಲಿ ಅನುಮಾನವಿಲ್ಲ. ಕೆಳಗಿಳಿದಂತೆ ಹಿಡಿತ ಸಡಿಲವಾಗುತ್ತದೆ.

ಏಳು ಕಿವಿರಿನ ಶಾರ್ಕ್‌ನ್ನೇ ತೆಗೆದುಕೊಳ್ಳಿ. ಅದರ ಮೂಲ ಠಾಣೆ ಇದೇ ಕೊಲ್ಲಿಯ ಇನ್ನೊಂದು ಬದಿಯ ಮಿಲ್ಲರ್ಸ್ ಪಾಯಿಂಟ್‌ನ ಕೆಲ್ಪ್ ಕಾಡು, ಎತ್ತರದ ಕಡಲ ಪಾಚಿಗಳ ನಡುವಿನ ಜಾಗ. ಅಲ್ಲಿಗೆ 2015 ಮತ್ತು 2016ರಲ್ಲಿ ಓರ್ಕಾಗಳು ಬಂದು ಇವುಗಳ ಲಿವರ್‌ಗೂ ಕೈ ಹಾಕಿದ್ದವು. ಮರುವರ್ಷವೇ ಇವು ಸೀಲ್ ಐಲ್ಯಾಂಡ್‌ನಲ್ಲಿ ಕಾಣಿಸಿಕೊಂಡದ್ದು. ಬಿಳಿ ಶಾರ್ಕ್ ಇಲ್ಲ, ಆರಾಮ ಅಂತ ಬಂದವೋ, ಮನೆಯಲ್ಲಿ ಓರ್ಕಾ ಕಾಟ ತಾಳಲಾರದೆ ಓಡಿ ಬಂದವೋ? ಎರಡೂ ಇರಬಹುದು.

ತಳದ ಸಣ್ಣ ಶಾರ್ಕ್‌ಗಳ ಕೆಲವು ಜಾತಿಗಳನ್ನು ಗಾಳದ ದೋಣಿಗಳೂ ಹಿಡಿಯುತ್ತವೆ, ಏಳು ಕಿವಿರಿನದ್ದೂ ತಿನ್ನುತ್ತದೆ. ಸಣ್ಣ ಮೀನಿನ ವಿಷಯ ಇನ್ನೂ ಜಟಿಲ. ಆ ಕರಾವಳಿಯಲ್ಲಿ ಆಂಚೋವಿ ಮತ್ತು ಬೂತಾಯಿ ಜಾತಿಯ ಮೀನುಗಳಿಗೆ ಬಲೆಗಾರರು, ಸೀಲ್‌ಗಳು, ಪೆಂಗ್ವಿನ್‌ಗಳು, ಎಲ್ಲರೂ ಕೈ ಚಾಚುತ್ತಾರೆ. ಆಫ್ರಿಕಾದ ಪೆಂಗ್ವಿನ್‌ಗಳು 2024ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಲು ದೊಡ್ಡ ಕಾರಣ ಈ ಮೀನುಗಳು ಸಾಲದೇ ಹೋದದ್ದೇ. ಶಾರ್ಕ್ ಇಲ್ಲದೆ ಧೈರ್ಯವಾಗಿ ಮೇಯುವ ಸೀಲ್ ಆ ಪೈಪೋಟಿಯನ್ನು ಬಿಗಿ ಮಾಡಬಹುದು, ಅದೊಂದೇ ಕಾರಣ ಅಂದರೆ ಮಾತ್ರ ಅತಿಯಾಯಿತು. ಅಂದಹಾಗೆ, ಅಲ್ಲಿ ಸೀಲ್‌ಗಳು ಜನರನ್ನು ಕಚ್ಚುತ್ತಿವೆ ಎಂಬ ಸುದ್ದಿಯನ್ನೂ ಕೆಲವರು ಇದಕ್ಕೇ ಜೋಡಿಸುತ್ತಾರೆ. ಅಲ್ಲಿನ ಸೀಲ್‌ಗಳಲ್ಲಿ 2024ರಲ್ಲಿ ರೇಬಿಸ್ ಪತ್ತೆಯಾಗಿದೆ, ಅದರ ದಾರಿಯೇ ಬೇರೆ.

ಮುಂದೆ

ಬಿಳಿ ಶಾರ್ಕ್ ವಾಪಸ್ ಬರಬೇಕಾದರೆ ಆಗಬೇಕಾದ್ದರಲ್ಲಿ ಮನುಷ್ಯರ ಕೈಯಲ್ಲಿರುವುದು ಎರಡೇ. ಪೂರ್ವದ ಬಲೆಗಳ ಬದಲು ಕೊಲ್ಲದ ಉಪಾಯಗಳನ್ನು ಹುಡುಕುವುದು. ಸಣ್ಣ ಶಾರ್ಕ್‌ಗಳ ಮೀನುಗಾರಿಕೆಗೆ ಕಡಿವಾಣ ಹಾಕುವುದು. ಬಲೆ ತೆಗೆಯುವುದೆಂದರೆ ಡರ್ಬನ್‌ನ ಪ್ರವಾಸೋದ್ಯಮಕ್ಕೆ ಭಯ, ಗಾಳ ನಿಲ್ಲಿಸುವುದೆಂದರೆ ಕೆಲವು ಕುಟುಂಬಗಳ ಹೊಟ್ಟೆಪಾಡು. ಹಾಗಾಗಿ ಯಾವುದೂ ಸಲೀಸಲ್ಲ. ಇತ್ತ ಗಾನ್ಸ್‌ಬಾಯ್‌ನಲ್ಲಿ ಪಂಜರದೊಳಗೆ ಇಳಿದು ಬಿಳಿ ಶಾರ್ಕ್ ನೋಡಲು ಬರುತ್ತಿದ್ದ ಪ್ರವಾಸಿಗರಿಗೆ ಈಗ ಹೆಚ್ಚಾಗಿ ಕಂಚು ಬಣ್ಣದ ಬೇರೆ ಶಾರ್ಕ್ ತೋರಿಸಿ ಕಳಿಸುವಂತಾಗಿದೆ.

ನಮ್ಮ ಕರಾವಳಿಗೆ ಇದು ತೀರಾ ದೂರದ ಮಾತಲ್ಲ. ಶಾರ್ಕ್ ಹಿಡಿಯುವ ದೇಶಗಳ ಸಾಲಿನಲ್ಲಿ ಭಾರತ ಮುಂದಿದೆ. ತಿಮಿಂಗಿಲ ಶಾರ್ಕ್‌ಗೆ 2001ರಿಂದ ಕಾನೂನಿನ ರಕ್ಷಣೆ ಇದೆ, ಎಲ್ಲ ಶಾರ್ಕ್‌ಗಳ ರೆಕ್ಕೆ ರಫ್ತಿಗೆ 2015ರಲ್ಲಿ ನಿಷೇಧ ಬಂತು. ಆದರೆ ಮಲ್ಪೆ, ಮಂಗಳೂರಿನ ಬಂದರಿಗೆ ಬರುವ ತಾಟೆ ಮೀನಿನಲ್ಲಿ, ಅಂದರೆ ಶಾರ್ಕ್‌ನಲ್ಲಿ, ಹೆಚ್ಚಿನವು ಸಣ್ಣ ಜಾತಿಗಳು, ಇಲ್ಲವೇ ದೊಡ್ಡ ಜಾತಿಗಳ ಮರಿಗಳು. ಬಂದರಿನಲ್ಲಿ ಎಣಿಸಿದರೆ ಎಷ್ಟು ಹಿಡಿದೆವು ಅನ್ನುವುದು ಗೊತ್ತಾಗುತ್ತದೆ. ನೀರಿನಲ್ಲಿ ಎಷ್ಟು ಉಳಿದಿವೆ, ಅವು ಯಾರನ್ನು ಹೆದರಿಸಿ ಎಲ್ಲಿ ನಿಲ್ಲಿಸಿದ್ದವು ಅನ್ನುವುದಕ್ಕೆ ಸೀಲ್ ಐಲ್ಯಾಂಡ್‌ನ ಥರ ಇಪ್ಪತ್ತು ವರ್ಷ ಒಂದೇ ಕಡೆ ಕೂತು ನೋಡಬೇಕು.

ಫಾಲ್ಸ್ ಬೇಯ ವಾದಗಳಿಗೆ ನಿಜವಾದ ಪರೀಕ್ಷೆ ಬಿಳಿ ಶಾರ್ಕ್‌ಗಳು ವಾಪಸ್ ಬಂದರೆ ಮಾತ್ರ. ಅವು ಬಂದು, ಸೀಲ್‌ಗಳಲ್ಲಿ ಒತ್ತಡ ಏರಿ, ಏಳು ಕಿವಿರಿನವು ಕೆಲ್ಪ್ ಕಾಡಿಗೆ ಹಿಂದಿರುಗಿ, ಕ್ಯಾಮೆರಾ ಮುಂದೆ ಮತ್ತೆ ಮೀನು ಮುತ್ತಿದರೆ 2025ರ ಸರಪಳಿ ಪರೀಕ್ಷೆಯಲ್ಲಿ ಗೆದ್ದ ಹಾಗೆ. ಶಾರ್ಕ್ ಬಂದ ಮೇಲೂ ಮೀನು ಬರದಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕಾಗುತ್ತದೆ. 2020ರ ಜನವರಿಯಲ್ಲಿ ಒಂದು ಬಿಳಿ ಶಾರ್ಕ್ ಆ ಕೊಲ್ಲಿಯಲ್ಲಿ ಕಂಡಿತ್ತು, ಒಂದೇ ಒಂದು, ಅಷ್ಟಕ್ಕೇ ಸುದ್ದಿಯಾಗಿತ್ತು. ಗುಡ್ಡದ ಮೇಲಿನ ಕಾವಲು ಈಗಲೂ ನಿಂತಿಲ್ಲ.